ಪ್ರಾಚೀನ ಗ್ರೀಕ್ ಮತ್ತು ರೋಮನ್ ಕಲೆ, ವಾಸ್ತುಶಿಲ್ಪದ ಮುಖ್ಯ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪದಗಳು ನೂರಾರಿವೆ. ಹೊಸದಾಗಿ ಓದುವವರು ಎಲ್ಲಿಂದ ಆರಂಭಿಸಬೇಕು?

ಭಾರದಿಂದ ಆರಂಭಿಸುವುದು ಒಳ್ಳೆಯದು. ಯಾವುದಾದರೂ ಪ್ರಾಚೀನ ಕಟ್ಟಡದ ಚಿತ್ರವನ್ನು ಮುಂದಿಟ್ಟುಕೊಂಡು, ಛಾವಣಿಯ ತೂಕ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ ಎಂದು ಮೊದಲು ನೋಡಬೇಕು. ಗ್ರೀಕರ ದೇಗುಲದಲ್ಲಿ ಆ ತೂಕ ಅಡ್ಡತೊಲೆಯಿಂದ ಕಂಬಕ್ಕೆ, ಕಂಬದಿಂದ ಪೀಠಕ್ಕೆ ನೇರವಾಗಿ ಇಳಿಯುತ್ತದೆ. ರೋಮನ್ನರ ದೊಡ್ಡ ಕಟ್ಟಡಗಳಲ್ಲಿ ಅದು ಕಮಾನಿನ ಬೆನ್ನ ಮೇಲಿಂದ ಎರಡೂ ಕಡೆಗೆ ಹಂಚಿಹೋಗಿ ದಪ್ಪ ಗೋಡೆಗಳನ್ನು ಸೇರುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿ ನಿಂತರೆ ಉಳಿದ ಪದಗಳಲ್ಲಿ ಬಹುಪಾಲು ತಾವಾಗಿಯೇ ತಮ್ಮ ಜಾಗ ಹಿಡಿಯುತ್ತವೆ. ಪಟ್ಟಿಯನ್ನು ಅಕಾರಾದಿಯಾಗಿ ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿಯುತ್ತಲೇ ಮರೆಯುತ್ತಾರೆ. ಈ ಭಾಗ ನಿಜವಾಗಿ ಭಾರ ಹೊರುತ್ತಿದೆಯೇ ಅಥವಾ ಹೊರುವಂತೆ ಕಾಣುತ್ತಿದೆಯೇ ಎಂದು ಕೇಳಲು ಕಲಿತವರು ಮರೆಯುವುದಿಲ್ಲ. ಮುಂದಿನ ಉತ್ತರಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಆರ್ಕೇಯಿಕ್, ಕ್ಲಾಸಿಕಲ್, ಹೆಲೆನಿಸ್ಟಿಕ್ ಎಂಬ ಕಾಲವಿಭಾಗಗಳ ಅರ್ಥವೇನು?

ಸುಮಾರು ಕ್ರಿ.ಪೂ. 900ರಿಂದ 700ರವರೆಗಿನದು ಜ್ಯಾಮಿತೀಯ ಕಾಲ. ಮಡಕೆಗಳ ಮೇಲಿನ ಗೆರೆ, ತ್ರಿಕೋನ, ಸುತ್ತುಪಟ್ಟಿಗಳಿಂದ ಆ ಹೆಸರು ಬಂದಿದೆ. ಅಲ್ಲಿಂದ ಕ್ರಿ.ಪೂ. 480ರವರೆಗಿನ ಅವಧಿಯನ್ನು ಸ್ಥೂಲವಾಗಿ ಆರ್ಕೇಯಿಕ್ ಎನ್ನುತ್ತಾರೆ. ಪರ್ಷಿಯನ್ ಸೈನ್ಯ ಅಥೆನ್ಸನ್ನು ಸುಟ್ಟ ವರ್ಷವಾದ 480ರಿಂದ ಅಲೆಗ್ಸಾಂಡರ್ ತೀರಿಕೊಂಡ 323ರವರೆಗೆ ಕ್ಲಾಸಿಕಲ್ ಕಾಲ, ಅಲ್ಲಿಂದ ಕ್ರಿ.ಪೂ. 31ರ ಆಕ್ಟಿಯಂ ಯುದ್ಧದವರೆಗೆ ಹೆಲೆನಿಸ್ಟಿಕ್ ಕಾಲ. ರೋಮಿನ ಇತಿಹಾಸವನ್ನು ಗಣರಾಜ್ಯ ಮತ್ತು ಕ್ರಿ.ಪೂ. 27ರಲ್ಲಿ ಆಗಸ್ಟಸ್‌ನಿಂದ ಮೊದಲಾದ ಸಾಮ್ರಾಜ್ಯ ಎಂದು ವಿಂಗಡಿಸುತ್ತಾರೆ. ಈ ಗಡಿಗಳೆಲ್ಲ ಯುದ್ಧ ಮತ್ತು ಅರಸರ ಕಾಲಗಳನ್ನು ನೋಡಿ ಎಳೆದವು. ಶಿಲ್ಪಿಗಳ ಕೈಕೆಲಸ ಅದೇ ವರ್ಷ ಬದಲಾಯಿತೆಂದು ಯಾರೂ ತಿಳಿಯಬಾರದು.

ಗ್ರೀಕ್ ದೇಗುಲದ ಭಾಗಗಳನ್ನು ಕೆಳಗಿನಿಂದ ಮೇಲಕ್ಕೆ ಹೇಗೆ ಗುರುತಿಸುವುದು?

ನೆಲದಿಂದ ಎದ್ದಿರುವ ಮೆಟ್ಟಿಲಿನಂಥ ಪೀಠಕ್ಕೆ ಕ್ರೆಪಿಡೋಮ ಎಂದು ಹೆಸರು. ಸಾಮಾನ್ಯವಾಗಿ ಅದಕ್ಕೆ ಮೂರು ಹಂತಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ, ಕಂಬಗಳು ನಿಂತಿರುವ ಹಂತವೇ ಸ್ಟೈಲೊಬೇಟ್. ಕಂಬದ ನಡುಭಾಗಕ್ಕೆ ಶಾಫ್ಟ್ ಎನ್ನುತ್ತಾರೆ. ಅದು ಬಹುತೇಕ ಒಂದೇ ಕಲ್ಲಿನದಲ್ಲ. ಡ್ರಮ್ ಎಂದು ಕರೆಯುವ ದುಂಡನೆಯ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದ್ದು. ಕಂಬದ ತಲೆಗೆ ಕ್ಯಾಪಿಟಲ್ ಎಂದು ಹೆಸರು, ನಮ್ಮ ಶಿಲ್ಪಿಗಳು ಬೋದಿಗೆ ಎನ್ನುವ ಜಾಗ ಅದು. ಕಂಬಗಳ ಮೇಲೆ ಅಡ್ಡಲಾಗಿ ಕೂರುವ ಇಡೀ ಭಾಗ ಎಂಟಾಬ್ಲೇಚರ್. ಅದರೊಳಗೆ ಮೂರು ಪದರ. ಕಂಬದಿಂದ ಕಂಬಕ್ಕೆ ಹಾಯುವ ತೊಲೆಗಲ್ಲು ಆರ್ಕಿಟ್ರೇವ್, ಅದರ ಮೇಲಿನ ಅಲಂಕಾರದ ಪಟ್ಟಿ ಫ್ರೀಜ್, ಮಳೆನೀರು ಗೋಡೆಗೆ ತಾಗದಂತೆ ಮುಂದಕ್ಕೆ ಚಾಚಿರುವ ಅಂಚು ಕಾರ್ನಿಸ್. ಇಳಿಜಾರು ಮಾಡಿನ ಎರಡು ತುದಿಗಳಲ್ಲಿ ಉಂಟಾಗುವ ತ್ರಿಕೋನವೇ ಪೆಡಿಮೆಂಟ್. ಅದರ ಮೂರು ಮೂಲೆಗಳ ಮೇಲೆ ನಿಲ್ಲಿಸುವ ಅಲಂಕಾರ ಅಕ್ರೊಟೀರಿಯನ್. ಸೂರಿನುದ್ದಕ್ಕೂ ಹೆಂಚಿನ ಸಾಲುಗಳ ತುದಿ ಮುಚ್ಚಲು ನಿಲ್ಲಿಸುವ ಬಿಲ್ಲೆ ಆಂಟಿಫಿಕ್ಸ್.

ಒಳಗಿನ ಪದಗಳು ಇಷ್ಟು ತೊಡಕಿನವಲ್ಲ. ದೇವರ ಮೂರ್ತಿಯಿದ್ದ ಕೋಣೆಯನ್ನು ಗ್ರೀಕರು ನಾವೊಸ್ ಎಂದರು, ರೋಮನ್ನರು ಸೆಲ್ಲ ಎಂದರು. ಅದರ ಮುಂದಿನ ಮೊಗಸಾಲೆ ಪ್ರೊನಾವೊಸ್, ಹಿಂದಿನದು ಒಪಿಸ್ಥೊಡೊಮೊಸ್. ನಾಲ್ಕೂ ಕಡೆ ಕಂಬಸಾಲು ಸುತ್ತಿದ್ದರೆ ಅದು ಪೆರಿಪ್ಟೆರಲ್ ದೇಗುಲ; ಮುಂಭಾಗದಲ್ಲಿ ಮಾತ್ರ ಕಂಬಗಳಿದ್ದರೆ ಪ್ರೊಸ್ಟೈಲ್. ಬಲಿಪೀಠ ಒಳಗಿರಲಿಲ್ಲ ಎಂಬುದು ನೆನಪಿರಲಿ. ಅದು ಹೊರಗೆ, ಸಾಮಾನ್ಯವಾಗಿ ದೇಗುಲದ ಪೂರ್ವಕ್ಕೆ, ಬಯಲಿನಲ್ಲಿರುತ್ತಿತ್ತು. ಪೂಜೆ, ಬಲಿ, ಔತಣ ಎಲ್ಲ ಅಲ್ಲೇ ನಡೆಯುತ್ತಿದ್ದವು. ಗ್ರೀಕ್ ದೇಗುಲದ ಹೊರಮೈಗೆ ಅಷ್ಟು ಶ್ರಮ ಸಂದಿರುವುದಕ್ಕೆ ಇದೂ ಒಂದು ಕಾರಣ: ಜನ ನಿಂತು ನೋಡುತ್ತಿದ್ದುದು ಹೊರಗಿನಿಂದ.

ಡೋರಿಕ್, ಅಯೋನಿಕ್, ಕೊರಿಂಥಿಯನ್: ನೋಡಿದ ಕೂಡಲೇ ಹೇಳುವುದು ಹೇಗೆ?

ಕಂಬದ ಬುಡ ಮತ್ತು ತಲೆ ನೋಡಿದರೆ ಸಾಕು. ಗ್ರೀಕ್ ಡೋರಿಕ್ ಕಂಬಕ್ಕೆ ಬುಡದಲ್ಲಿ ಪ್ರತ್ಯೇಕ ಪೀಠವಿಲ್ಲ. ಅದು ಸ್ಟೈಲೊಬೇಟ್ ಮೇಲೆ ನೇರವಾಗಿ ನಿಲ್ಲುತ್ತದೆ. ಮೈಮೇಲೆ ಸಾಮಾನ್ಯವಾಗಿ 20 ಉದ್ದಗೀರುಗಳಿದ್ದು, ಒಂದು ಗೀರು ಇನ್ನೊಂದನ್ನು ಚೂಪಾದ ಅಂಚಿನಲ್ಲಿ ಸೇರುತ್ತದೆ. ತಲೆಯಲ್ಲಿ ದುಂಡನೆಯ ಎಕೈನಸ್, ಅದರ ಮೇಲೆ ಚೌಕನೆಯ ಅಬಾಕಸ್, ಅಷ್ಟೆ. ಅಯೋನಿಕ್ ಕಂಬಕ್ಕೆ ಪೀಠವಿದೆ, ಮೈ ತೆಳ್ಳಗೆ, ಗೀರುಗಳು ಸಾಮಾನ್ಯವಾಗಿ 24, ಅವುಗಳ ನಡುವೆ ಚಪ್ಪಟೆಯ ಅಂಚು. ತಲೆಯಲ್ಲಿ ಎರಡು ಕಡೆ ಸುರುಳಿ ಸುತ್ತಿದ ವೊಲ್ಯೂಟ್. ಕೊರಿಂಥಿಯನ್ ಕಂಬದ ತಲೆಯನ್ನು ಅಕ್ಯಾಂಥಸ್ ಎಂಬ ಮುಳ್ಳಂಚಿನ ಗಿಡದ ಎಲೆಗಳು ಸುತ್ತಿಕೊಂಡಿರುತ್ತವೆ. ನಮಗೆ ತಿಳಿದ ಅತ್ಯಂತ ಹಳೆಯ ಕೊರಿಂಥಿಯನ್ ಬೋದಿಗೆ ಕ್ರಿ.ಪೂ. ಐದನೆಯ ಶತಮಾನದ ಕೊನೆಯ ಭಾಗದ್ದು. ಅದು ಇದ್ದುದು ಬಾಸೆಯಲ್ಲಿರುವ ಅಪೊಲೊ ದೇಗುಲದ ಒಳಗೆ.

ಆರ್ಡರ್ ಎಂಬ ಪದ ಕಂಬವನ್ನಷ್ಟೇ ಸೂಚಿಸುವುದಿಲ್ಲ. ಪೀಠದಿಂದ ಕಾರ್ನಿಸ್‌ವರೆಗೆ ಅಳತೆ, ಅಲಂಕಾರಗಳ ಇಡೀ ಹೊಂದಾಣಿಕೆಗೆ ಆ ಹೆಸರು. ಡೋರಿಕ್ ಫ್ರೀಜ್‌ನಲ್ಲಿ ಮೂರು ಲಂಬ ಪಟ್ಟೆಗಳ ಟ್ರೈಗ್ಲಿಫ್ ಮತ್ತು ಚೌಕಾಕಾರದ ಮೆಟೊಪ್ ಫಲಕ ಒಂದಾದ ಮೇಲೊಂದು ಬರುತ್ತವೆ. ಅಯೋನಿಕ್ ಫ್ರೀಜ್ ತಡೆಯಿಲ್ಲದ ಪಟ್ಟಿ. ರೋಮನ್ನರು ಇದಕ್ಕೆ ಎರಡನ್ನು ಸೇರಿಸಿದರು: ಗೀರುಗಳಿಲ್ಲದ, ಪೀಠವುಳ್ಳ ಸರಳವಾದ ಟಸ್ಕನ್, ಮತ್ತು ಅಯೋನಿಕ್ ಸುರುಳಿಯನ್ನು ಕೊರಿಂಥಿಯನ್ ಎಲೆಗಳ ಮೇಲೆ ಕೂರಿಸಿದ ಕಾಂಪೊಸಿಟ್. ರೋಮಿನಲ್ಲಿರುವ ಚಕ್ರವರ್ತಿ ಟೈಟಸ್‌ನ ವಿಜಯ ಕಮಾನು ಕಾಂಪೊಸಿಟ್‌ನ ಆರಂಭದ ಉದಾಹರಣೆಗಳಲ್ಲಿ ಪ್ರಸಿದ್ಧವಾದದ್ದು.

ಟ್ರೈಗ್ಲಿಫ್ ಮೂಲೆಯ ಸಮಸ್ಯೆ ಎಂದು ಪುಸ್ತಕಗಳಲ್ಲಿ ಬರುತ್ತದೆ. ಏನದು?

ಗ್ರೀಕ್ ವಾಸ್ತುಶಿಲ್ಪವನ್ನು ಪ್ರೀತಿಸಲು ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಡೋರಿಕ್ ಕ್ರಮದಲ್ಲಿ ಎರಡು ನಿಯಮಗಳಿದ್ದವು. ಪ್ರತಿ ಕಂಬದ ಸರಿಮಧ್ಯದ ಮೇಲೆ ಒಂದು ಟ್ರೈಗ್ಲಿಫ್ ಬರಬೇಕು, ಕಂಬಗಳ ನಡುವಿನ ಅಂತರದಲ್ಲಿ ಇನ್ನೊಂದು ಬರಬೇಕು ಎಂಬುದು ಮೊದಲನೆಯದು. ಫ್ರೀಜ್ ಮೂಲೆಯಲ್ಲಿ ಮುಗಿಯುವಾಗ ಎರಡು ಕಡೆಯ ಟ್ರೈಗ್ಲಿಫ್‌ಗಳು ಅಂಚಿನಲ್ಲಿ ಒಂದನ್ನೊಂದು ಮುಟ್ಟಬೇಕು, ಅಲ್ಲಿ ಅರ್ಧಂಬರ್ಧ ಮೆಟೊಪ್ ಉಳಿಯಬಾರದು ಎಂಬುದು ಎರಡನೆಯದು. ಆದರೆ ಕಲ್ಲಿನ ಆರ್ಕಿಟ್ರೇವ್ ಟ್ರೈಗ್ಲಿಫ್‌ನ ಅಗಲಕ್ಕಿಂತ ದಪ್ಪವಾಗಿರುತ್ತದೆ. ಆದ್ದರಿಂದ ಮೂಲೆಕಂಬದ ಮಧ್ಯಕ್ಕೆ ಕೂರಿಸಿದ ಟ್ರೈಗ್ಲಿಫ್ ಮೂಲೆಯನ್ನು ತಲಪುವುದಿಲ್ಲ. ಮೂಲೆಗೆ ತಳ್ಳಿದರೆ ಕಂಬದ ಮಧ್ಯ ತಪ್ಪುತ್ತದೆ, ಅದರ ಪಕ್ಕದ ಮೆಟೊಪ್ ಉಳಿದವಕ್ಕಿಂತ ಅಗಲವಾಗುತ್ತದೆ.

ಎರಡು ನಿಯಮಗಳನ್ನೂ ಒಟ್ಟಿಗೆ ಪೂರ್ತಿ ಪಾಲಿಸುವ ದಾರಿಯೇ ಇಲ್ಲ. ಗ್ರೀಕರು ಟ್ರೈಗ್ಲಿಫ್ ಅನ್ನು ಮೂಲೆಗೇ ಕೊಂಡೊಯ್ದು, ಅದಕ್ಕಾಗಿ ಮೂಲೆಕಂಬವನ್ನು ಪಕ್ಕದ ಕಂಬದ ಹತ್ತಿರಕ್ಕೆ ಸರಿಸಿದರು. ಕೆಲವೆಡೆ ಕೊನೆಯ ಮೆಟೊಪ್‌ಗಳ ಅಗಲವನ್ನೂ ತುಸು ಬದಲಾಯಿಸಿದರು. ಈ ಸರಿಸುವಿಕೆಗೆ ಮೂಲೆಯ ಸಂಕೋಚ ಎನ್ನಬಹುದು. ಅಥೆನ್ಸಿನ ಪಾರ್ಥೆನಾನ್ ದೇಗುಲದ ಚಿತ್ರದಲ್ಲಿ ಮೂಲೆಯ ಎರಡು ಕಂಬಗಳ ನಡುವಿನ ಜಾಗ ಕಿರಿದಾಗಿರುವುದನ್ನು ಒಮ್ಮೆ ಗಮನಿಸಿದರೆ ಆಮೇಲೆ ಅದು ಕಣ್ಣಿಗೆ ಬೀಳದೆ ಇರುವುದಿಲ್ಲ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಆಗಸ್ಟಸ್‌ನಿಗೆ ಅರ್ಪಿಸಿದ ತನ್ನ ಹತ್ತು ಸಂಪುಟಗಳ ಗ್ರಂಥದಲ್ಲಿ, ಈ ತೊಡಕಿನಿಂದಾಗಿ ಡೋರಿಕ್ ಕ್ರಮವನ್ನೇ ಬಿಟ್ಟವರಿದ್ದರೆಂದು ಹೇಳುತ್ತಾನೆ. ಹರ್ಮೊಜೆನಿಸ್ ಎಂಬ ವಾಸ್ತುಶಿಲ್ಪಿ ಡೋರಿಕ್ ದೇಗುಲಕ್ಕೆಂದು ಅಮೃತಶಿಲೆ ಸಿದ್ಧಮಾಡಿಸಿಕೊಂಡ ಮೇಲೆ ಮನಸ್ಸು ಬದಲಾಯಿಸಿ, ಅದೇ ಕಲ್ಲಿನಿಂದ ಅಯೋನಿಕ್ ದೇಗುಲ ಕಟ್ಟಿದನಂತೆ.

ಟ್ರೈಗ್ಲಿಫ್ ಎಂಬುದು ಹಳೆಯ ಮರದ ದೇಗುಲಗಳ ತೊಲೆತುದಿಯ ಕಲ್ಲಿನ ನೆನಪು ಎಂದೂ ವಿಟ್ರೂವಿಯಸ್ ವಿವರಿಸಿದ್ದಾನೆ. ವಿವರಣೆ ಆಕರ್ಷಕವಾಗಿದೆ, ಆದರೆ ವಿದ್ವಾಂಸರೆಲ್ಲ ಅದನ್ನು ಹಾಗೆಯೇ ಒಪ್ಪಿಲ್ಲ. ಪಾರ್ಥೆನಾನ್‌ನಂಥ ಕಟ್ಟಡದಲ್ಲಂತೂ ಟ್ರೈಗ್ಲಿಫ್ ಯಾವ ತೊಲೆಯ ತುದಿಯೂ ಅಲ್ಲ. ಅದು ತೊಲೆಯ ತುದಿಯಂತೆ ಕಾಣುವ ಕಲ್ಲು.

ಪಾರ್ಥೆನಾನ್‌ನಲ್ಲಿ ಒಂದೂ ನೇರ ಗೆರೆ ಇಲ್ಲ ಎನ್ನುತ್ತಾರೆ. ನಿಜವೇ? ಎಂಟಾಸಿಸ್ ಎಂದರೆ ಇದೇ ಏನು?

ಮಾತು ಸ್ವಲ್ಪ ಉತ್ಪ್ರೇಕ್ಷೆಯದು, ತಿರುಳು ನಿಜ. ಕ್ರಿ.ಪೂ. 447ರಿಂದ 432ರ ನಡುವೆ ಇಕ್ಟಿನೊಸ್ ಮತ್ತು ಕ್ಯಾಲಿಕ್ರೇಟಿಸ್ ಕಟ್ಟಿದ ಈ ದೇಗುಲದ ಮುಂಭಾಗದಲ್ಲಿ 8, ಪಕ್ಕದಲ್ಲಿ 17 ಕಂಬಗಳಿವೆ. ಸ್ಟೈಲೊಬೇಟ್ ಸುಮಾರು 30.9 ಮೀಟರ್ ಅಗಲ, 69.5 ಮೀಟರ್ ಉದ್ದ. ಸಮತಟ್ಟಾಗಿ ಕಾಣುವ ಆ ನೆಲ ಮಧ್ಯದಲ್ಲಿ ಉಬ್ಬಿದೆ: ಕಿರಿಯ ಬದಿಯಲ್ಲಿ ಸುಮಾರು 6 ಸೆಂಟಿಮೀಟರ್, ಉದ್ದದ ಬದಿಯಲ್ಲಿ ಸುಮಾರು 11 ಸೆಂಟಿಮೀಟರ್. ಕಂಬಗಳು ಒಳಕ್ಕೆ ತುಸು ವಾಲಿವೆ, ಮೂಲೆಕಂಬಗಳು ಉಳಿದವಕ್ಕಿಂತ ಸ್ವಲ್ಪ ದಪ್ಪ.

ಎಂಟಾಸಿಸ್ ಎಂಬ ಪದ ಇವುಗಳಲ್ಲಿ ಒಂದಕ್ಕೆ ಮಾತ್ರ ಸಲ್ಲುತ್ತದೆ: ಕಂಬ ಮೇಲಕ್ಕೆ ಹೋದಂತೆ ಸಣ್ಣದಾಗುವಾಗ ನೇರ ಗೆರೆಯಲ್ಲಿ ಸಣ್ಣದಾಗದೆ, ಮೆಲುವಾದ ಉಬ್ಬಿನಲ್ಲಿ ಸಣ್ಣದಾಗುವುದು. ದಕ್ಷಿಣ ಇಟಲಿಯ ಪೇಸ್ಟಂನಲ್ಲಿರುವ ಆರ್ಕೇಯಿಕ್ ದೇಗುಲಗಳಲ್ಲಿ ಈ ಉಬ್ಬು ಢಾಳಾಗಿ ಕಾಣುತ್ತದೆ. ಪಾರ್ಥೆನಾನ್‌ನಲ್ಲಿ ಅಳೆದರೆ ಮಾತ್ರ ಗೊತ್ತಾಗುತ್ತದೆ. ಕಣ್ಣಿನ ಭ್ರಮೆಯನ್ನು ಸರಿಪಡಿಸಲು ಹೀಗೆ ಮಾಡಿದರೆಂದು ಕೆಲವರು, ಕಲ್ಲಿಗೆ ಜೀವಕಳೆ ತರಲೆಂದು ಕೆಲವರು, ನೆಲದ ಉಬ್ಬು ಮಳೆನೀರು ಹರಿಯಲೆಂದು ಇನ್ನು ಕೆಲವರು ಹೇಳುತ್ತಾರೆ. ಉದ್ದೇಶ ಯಾವುದಾದರೂ ಇರಲಿ, ಅದರ ಬೆಲೆ ತೆತ್ತವರು ಕಲ್ಲುಕುಟಿಗರು. ನೆಲ ಬಾಗಿದ ಮೇಲೆ ಅದರ ಮೇಲಿನ ಕಲ್ಲುಗಳನ್ನು ಒಂದೇ ಅಚ್ಚಿನಲ್ಲಿ ಕಡೆಯುವಂತಿಲ್ಲ, ಪ್ರತಿಯೊಂದನ್ನೂ ಅದರ ಜಾಗಕ್ಕೆ ತಕ್ಕಂತೆ ಕಡೆಯಬೇಕು. ಅದೂ ಗಾರೆಯಿಲ್ಲದೆ. ಎರಡು ಕಲ್ಲು ಕೂಡುವ ಮುಖಗಳ ಮಧ್ಯಭಾಗವನ್ನು ತುಸು ತಗ್ಗಾಗಿ ಕೊರೆದು, ಅಂಚುಗಳು ಮಾತ್ರ ಕೂದಲೆಳೆಯಷ್ಟೂ ಬಿಡುವಿಲ್ಲದೆ ಕೂಡುವಂತೆ ಮಾಡುವ ಈ ವಿಧಾನಕ್ಕೆ ಅನಾಥಿರೋಸಿಸ್ ಎಂದು ಹೆಸರು. ಕಲ್ಲುಗಳನ್ನು ಹಿಡಿದಿಡಲು ಕಬ್ಬಿಣದ ಪಟ್ಟಿಗಳನ್ನು ಕೂರಿಸಿ, ತುಕ್ಕು ಹಿಡಿಯದಂತೆ ಸುತ್ತ ಸೀಸ ಸುರಿಯುತ್ತಿದ್ದರು.

ಮೆಟೊಪ್, ಫ್ರೀಜ್, ಪೆಡಿಮೆಂಟ್ ಮೂರರಲ್ಲೂ ಶಿಲ್ಪವಿರುತ್ತದೆ. ಶಿಲ್ಪಿಗೆ ಏನು ವ್ಯತ್ಯಾಸ?

ಚೌಕಟ್ಟಿನ ಆಕಾರವೇ ವ್ಯತ್ಯಾಸ. ಮೆಟೊಪ್ ಚೌಕಾಕಾರದ ಫಲಕವಾದ್ದರಿಂದ ಇಬ್ಬರು ಮೂವರ ಹೋರಾಟಕ್ಕೆ ಒಗ್ಗುತ್ತದೆ. ಪಾರ್ಥೆನಾನ್‌ನ 92 ಮೆಟೊಪ್‌ಗಳಲ್ಲಿ ದಕ್ಷಿಣದವು ಪುರಾಣದ ಲಾಪಿತರೆಂಬ ಜನ ಮತ್ತು ನರಾಶ್ವಗಳಾದ ಸೆಂಟಾರರ ಕಾದಾಟವನ್ನು ತೋರಿಸುತ್ತವೆ. ಅಲ್ಲಿನ ಉಬ್ಬುಶಿಲ್ಪ ಎಷ್ಟು ಆಳವಾದುದೆಂದರೆ ಕೈಕಾಲುಗಳು ಹಿನ್ನೆಲೆಯಿಂದ ಬಿಡಿಸಿಕೊಂಡು ನಿಂತಿವೆ. ಸುಮಾರು 160 ಮೀಟರ್ ಉದ್ದದ ಫ್ರೀಜ್ ಒಂದು ಮೆರವಣಿಗೆಯನ್ನು ಕಡಿಯದೆ ಹೇಳುತ್ತದೆ. ಡೋರಿಕ್ ದೇಗುಲದ ಒಳಗೋಡೆಯ ಮೇಲೆ ಈ ಅಯೋನಿಕ್ ಪಟ್ಟಿ ಇರುವುದೇ ಒಂದು ವಿಶೇಷ. ಅದರ ಉಬ್ಬು ಕೆಳಭಾಗಕ್ಕಿಂತ ಮೇಲ್ಭಾಗದಲ್ಲಿ ಹೆಚ್ಚು, ಏಕೆಂದರೆ ನೋಡುವವರು ತೀರ ಕೆಳಗಿನಿಂದ ಕತ್ತೆತ್ತಿ ನೋಡಬೇಕಿತ್ತು. ಪೆಡಿಮೆಂಟ್‌ನ ಕಷ್ಟ ಬೇರೆ: ಮಧ್ಯೆ ನಿಂತ ದೇವತೆಗೆ ಜಾಗವಿದೆ, ಮೂಲೆಗೆ ಹೋದಂತೆ ಎತ್ತರ ಕುಗ್ಗುತ್ತದೆ. ಆದ್ದರಿಂದ ಶಿಲ್ಪಿಗಳು ಮಧ್ಯದಲ್ಲಿ ನಿಂತವರನ್ನು, ಪಕ್ಕದಲ್ಲಿ ಕುಳಿತವರನ್ನು, ತುದಿಯಲ್ಲಿ ಒರಗಿದವರನ್ನು ಇಟ್ಟರು. ಪಾರ್ಥೆನಾನ್‌ನ ಪೂರ್ವ ಪೆಡಿಮೆಂಟ್‌ನ ಮೂಲೆಗಳಲ್ಲಿ ಸೂರ್ಯನ ಕುದುರೆಗಳು ಮೇಲೇಳುತ್ತವೆ, ಚಂದ್ರನವು ಮುಳುಗುತ್ತವೆ. ತಲೆಗಳಷ್ಟೇ ಕಂಡರೂ ಅಲ್ಲಿ ಏನೂ ಕಡಿಮೆಯೆನಿಸುವುದಿಲ್ಲ.

ಈ ಶಿಲ್ಪಗಳಲ್ಲಿ ಹೆಚ್ಚಿನವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂ ನಡುವೆ ಹಂಚಿಹೋಗಿವೆ. 19ನೆಯ ಶತಮಾನದ ಆರಂಭದಲ್ಲಿ ಎಲ್ಗಿನ್ ಪ್ರಭು ಕೊಂಡೊಯ್ದ ಭಾಗವನ್ನು ಬ್ರಿಟಿಷ್ ಸರ್ಕಾರ 1816ರಲ್ಲಿ ಖರೀದಿಸಿತು. ಒಂದೇ ಮೆರವಣಿಗೆಯ ಕಲ್ಲುಗಳು ಎರಡು ದೇಶಗಳಲ್ಲಿರುವುದು ಕಲೆಯ ದೃಷ್ಟಿಯಿಂದ ನಷ್ಟವೇ ಸರಿ. ಅವು ಒಂದೆಡೆ ಸೇರಬೇಕು.

ಕ್ಯಾರಿಯಾಟಿಡ್ ಎಂದರೇನು?

ಕಂಬದ ಬದಲು ಭಾರ ಹೊರುವ ಸ್ತ್ರೀ ಪ್ರತಿಮೆ. ಅಥೆನ್ಸಿನ ಎರೆಕ್ಥಿಯಾನ್ ದೇಗುಲದ ದಕ್ಷಿಣ ಮೊಗಸಾಲೆಯಲ್ಲಿ ಇಂಥ ಆರು ಪ್ರತಿಮೆಗಳಿದ್ದವು. ಈಗ ಅಲ್ಲಿ ನಿಂತಿರುವುವು ಪ್ರತಿಕೃತಿಗಳು. ಮೂಲದ ಐದು ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ, ಒಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬೆನ್ನ ಮೇಲೆ ಇಳಿಬಿಟ್ಟ ದಪ್ಪ ಜಡೆಯನ್ನು ಗಮನಿಸಿ: ಕುತ್ತಿಗೆ ಸಣ್ಣದಾಗಿ ಕಾಣಬೇಕು, ಆದರೆ ಮುರಿಯಬಾರದು, ಆ ಕೆಲಸವನ್ನು ಜಡೆ ಮಾಡುತ್ತದೆ.

ರೋಮನ್ ದೇಗುಲ ಗ್ರೀಕ್ ದೇಗುಲದ ನಕಲೇ?

ಅಲ್ಲ. ಗ್ರೀಕ್ ದೇಗುಲಕ್ಕೆ ಸುತ್ತಲೂ ಮೆಟ್ಟಿಲು, ಯಾವ ಕಡೆಯಿಂದಲಾದರೂ ನೋಡಬಹುದು. ರೋಮನ್ ದೇಗುಲ ಪೋಡಿಯಂ ಎಂಬ ಎತ್ತರದ ಜಗಲಿಯ ಮೇಲೆ ನಿಂತಿದ್ದು, ಮೆಟ್ಟಿಲು ಮುಂದುಗಡೆ ಮಾತ್ರ, ಮೊಗಸಾಲೆ ಆಳವಾದದ್ದು. ಇದು ಇಟಲಿಯ ಹಳೆಯ ಜನಾಂಗವಾದ ಎಟ್ರುಸ್ಕನ್ನರಿಂದ ಬಂದ ರೂಢಿ. ಫ್ರಾನ್ಸಿನ ನೀಮ್ ಪಟ್ಟಣದಲ್ಲಿರುವ ಮೆಜೋಂ ಕಾರೇ ಇದಕ್ಕೆ ಚೆನ್ನಾಗಿ ಉಳಿದಿರುವ ಉದಾಹರಣೆ. ಅದರ ಪಕ್ಕದ ಕಂಬಗಳು ಗೋಡೆಗೆ ಅಂಟಿಕೊಂಡ ಅರ್ಧಗಂಬಗಳು, ಭಾರ ಹೊರುವುದು ಗೋಡೆ. ಇಂಥ ವಿನ್ಯಾಸಕ್ಕೆ ಸ್ಯೂಡೊಪೆರಿಪ್ಟೆರಲ್ ಎನ್ನುತ್ತಾರೆ.

ಕಮಾನು, ವಾಲ್ಟ್, ಗುಮ್ಮಟ: ಇವುಗಳ ಸಂಬಂಧವೇನು?

ಕಲ್ಲಿನ ತೊಲೆಗೆ ಒಂದು ದೌರ್ಬಲ್ಯವಿದೆ. ಮೇಲಿನಿಂದ ಒತ್ತಿದರೆ ಅದರ ಕೆಳಮೈ ಹಿಗ್ಗಲು ನೋಡುತ್ತದೆ, ಕಲ್ಲು ಹಿಗ್ಗನ್ನು ತಾಳದೆ ಬಿರಿಯುತ್ತದೆ. ಹಾಗಾಗಿ ಗ್ರೀಕ್ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಒತ್ತಡವನ್ನು ಕಲ್ಲು ಚೆನ್ನಾಗಿ ತಾಳುತ್ತದೆ. ಬೆಣೆಯಾಕಾರದ ಆ ಕಲ್ಲುಗಳಿಗೆ ವೂಸ್ವಾರ್ ಎಂದು ಹೆಸರು, ನೆತ್ತಿಯಲ್ಲಿ ಕೊನೆಗೆ ಕೂರಿಸುವುದು ಕೀಸ್ಟೋನ್. ಅದು ಕೂರುವವರೆಗೆ ಉಳಿದವನ್ನು ಮರದ ಸೆಂಟ್ರಿಂಗ್ ಹೊತ್ತಿರುತ್ತದೆ. ಕಮಾನನ್ನು ಉದ್ದಕ್ಕೆ ಎಳೆದರೆ ಬ್ಯಾರೆಲ್ ವಾಲ್ಟ್; ಅಂಥ ಎರಡು ವಾಲ್ಟ್‌ಗಳು ಅಡ್ಡಹಾಯ್ದರೆ ಗ್ರಾಯಿನ್ ವಾಲ್ಟ್, ಅದರ ಭಾರ ನಾಲ್ಕು ಮೂಲೆಗಳಿಗೆ ಮಾತ್ರ ಇಳಿಯುವುದರಿಂದ ಬದಿಗಳಲ್ಲಿ ದೊಡ್ಡ ಕಿಟಕಿ ಇಡಬಹುದು; ಕಮಾನನ್ನು ತನ್ನ ನಡುಗೆರೆಯ ಸುತ್ತ ತಿರುಗಿಸಿದರೆ ಗುಮ್ಮಟ. ದಕ್ಷಿಣ ಫ್ರಾನ್ಸಿನ ಪೋಂ ದ್ಯು ಗಾರ್ ಎಂಬ ಸುಮಾರು 49 ಮೀಟರ್ ಎತ್ತರದ ಮೂರು ಅಂತಸ್ತಿನ ಮೇಲ್ಗಾಲುವೆ ಕಮಾನುಗಳ ಶಕ್ತಿಗೆ ಸಾಕ್ಷಿ.

ಕಮಾನನ್ನು ಕಂಡುಹಿಡಿದವರು ರೋಮನ್ನರು ಎಂಬ ಮಾತು ಮಾತ್ರ ತಪ್ಪು. ಮೆಸಪೊಟೇಮಿಯ, ಈಜಿಪ್ಟ್‌ಗಳಲ್ಲಿ ಅದು ಮೊದಲೇ ಇತ್ತು, ಗ್ರೀಕರಿಗೂ ಗೊತ್ತಿತ್ತು. ಅದನ್ನು ಕಾಂಕ್ರೀಟಿನೊಂದಿಗೆ ಜೋಡಿಸಿ ಒಳಾಂಗಣವನ್ನೇ ಹೊಸದಾಗಿ ಕಲ್ಪಿಸಿದ್ದು ರೋಮನ್ನರ ಸಾಧನೆ.

ರೋಮನ್ ಕಾಂಕ್ರೀಟ್ ಇಂದಿನದಕ್ಕಿಂತ ಹೇಗೆ ಬೇರೆ? ಪ್ಯಾಂಥಿಯನ್ ಗುಮ್ಮಟ ಹೇಗೆ ನಿಂತಿದೆ?

ಸುಣ್ಣ, ಪೊಜೊಲಾನ ಎಂಬ ಜ್ವಾಲಾಮುಖಿ ಬೂದಿ, ನೀರು, ಕೈಯಲ್ಲಿ ಹಿಡಿಯುವಷ್ಟು ಗಾತ್ರದ ಕಲ್ಲುಚೂರುಗಳು ಸೇರಿ ಓಪುಸ್ ಕೆಮೆಂಟೀಕಿಯಂ ಆಗುತ್ತಿತ್ತು. ಬೂದಿಯ ಗುಣದಿಂದ ಅದು ನೀರಿನೊಳಗೂ ಗಟ್ಟಿಯಾಗುತ್ತಿತ್ತು, ಹಾಗಾಗಿ ಬಂದರುಗಳಿಗೂ ಬಳಕೆಯಾಯಿತು. ಇಂದಿನಂತೆ ಒಳಗೆ ಕಬ್ಬಿಣದ ಸರಳುಗಳಿರಲಿಲ್ಲ. ಹೊರಮುಖಕ್ಕೆ ಕೊಟ್ಟ ಹೊದಿಕೆಯನ್ನು ನೋಡಿ ಗೋಡೆಗೆ ಹೆಸರು: ಅಡ್ಡಾದಿಡ್ಡಿ ಕಲ್ಲಾದರೆ ಓಪುಸ್ ಇಂಕೆರ್ಟುಂ, ಬಲೆಯ ಕಣ್ಣಿನಂತೆ ಓರೆಯಾಗಿ ಕೂರಿಸಿದ ಚಿಕ್ಕ ಚೌಕಗಲ್ಲಾದರೆ ಓಪುಸ್ ರೆಟಿಕುಲಾಟುಂ, ಸುಟ್ಟ ಇಟ್ಟಿಗೆಯಾದರೆ ಓಪುಸ್ ಟೆಸ್ಟಾಕೆಯುಂ.

ಚಕ್ರವರ್ತಿ ಹ್ಯಾಡ್ರಿಯನ್ ಕಾಲದಲ್ಲಿ, ಸುಮಾರು ಕ್ರಿ.ಶ. 126ರ ಹೊತ್ತಿಗೆ ಮುಗಿದ ರೋಮಿನ ಪ್ಯಾಂಥಿಯನ್ ದೇಗುಲದ ಗುಮ್ಮಟದ ಅಡ್ಡಳತೆ ಸುಮಾರು 43.3 ಮೀಟರ್. ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು. ಅದರ ಗುಟ್ಟು ತೂಕ ಇಳಿಸುವುದರಲ್ಲಿದೆ. ಬುಡದಲ್ಲಿ ಸುಮಾರು 6 ಮೀಟರ್ ದಪ್ಪವಿರುವ ಪದರ ನೆತ್ತಿಯಲ್ಲಿ ಸುಮಾರು 1.2 ಮೀಟರ್‌ಗೆ ಇಳಿಯುತ್ತದೆ. ಜಲ್ಲಿಯೂ ಬದಲಾಗುತ್ತದೆ: ತಳಪಾಯದಲ್ಲಿ ಭಾರದ ಟ್ರಾವರ್ಟೀನ್ ಕಲ್ಲು, ಮೇಲಕ್ಕೆ ಹೋದಂತೆ ಹಗುರವಾದ ಟಫ್ ಮತ್ತು ಇಟ್ಟಿಗೆಚೂರು, ತುದಿಯ ಹತ್ತಿರ ರಂಧ್ರಮಯವಾದ ಪ್ಯೂಮಿಸ್. ಒಳಮೈಯಲ್ಲಿ ಸುತ್ತಿಗೆ 28ರಂತೆ ಐದು ಸುತ್ತು ಕಾಫರ್‌ಗಳಿವೆ, ಅಂದರೆ ತಗ್ಗಾದ ಚೌಕಗುಳಿಗಳು. ನೆತ್ತಿಯಲ್ಲಿರುವ ತೆರೆದ ಕಣ್ಣು ಓಕ್ಯುಲಸ್. ಬೆಳಕು ಬರುವುದು ಮುಖ್ಯವಾಗಿ ಅಲ್ಲಿಂದಲೇ, ಮಳೆಯೂ ಬರುತ್ತದೆ, ನೀರು ಹೊರಹೋಗಲು ನೆಲದಲ್ಲಿ ಕಿಂಡಿಗಳಿವೆ. ಮುಂಭಾಗದ ಶಾಸನ ಅಗ್ರಿಪ್ಪನ ಹೆಸರು ಹೇಳುತ್ತದೆ; ಅವನು ಕಟ್ಟಿಸಿದ್ದು ಅದೇ ಜಾಗದ ಹಿಂದಿನ ಕಟ್ಟಡ, ಹ್ಯಾಡ್ರಿಯನ್ ಹಳೆಯ ಹೆಸರನ್ನು ಉಳಿಸಿದ.

ಥಿಯೇಟರ್ ಮತ್ತು ಆಂಫಿಥಿಯೇಟರ್ ಒಂದೇ ಅಲ್ಲವೇ?

ಅಲ್ಲ. ಗ್ರೀಕ್ ಥಿಯೇಟರ್ ಬೆಟ್ಟದ ಇಳಿಜಾರಿಗೆ ಒರಗಿಕೊಂಡಿರುತ್ತದೆ. ಪ್ರೇಕ್ಷಕರ ಜಾಗ ಥಿಯಾಟ್ರಾನ್, ಮೇಳದವರು ಹಾಡಿ ಕುಣಿಯುವ ದುಂಡು ಕಣ ಆರ್ಕೆಸ್ಟ್ರ, ಹಿಂದಿನ ಕಟ್ಟಡ ಸ್ಕೀನೆ. ಎಪಿಡಾರಸ್‌ನಲ್ಲಿರುವುದು ಇದರ ಅತ್ಯುತ್ತಮ ಮಾದರಿ. ರೋಮನ್ನರು ವಾಲ್ಟ್‌ಗಳ ಬಲದಿಂದ ಸಮತಟ್ಟು ನೆಲದಲ್ಲೇ ಆಸನಗಳನ್ನು ಎತ್ತಿ ನಿಲ್ಲಿಸಿದರು, ಆರ್ಕೆಸ್ಟ್ರವನ್ನು ಅರ್ಧವೃತ್ತ ಮಾಡಿದರು, ಹಿಂದೆ ಸ್ಕೇನೆ ಫ್ರೋನ್ಸ್ ಎಂಬ ಎತ್ತರದ ಅಲಂಕೃತ ಗೋಡೆ ಕಟ್ಟಿದರು. ಆಂಫಿಥಿಯೇಟರ್ ಅಂಡಾಕಾರದ್ದು, ಸುತ್ತಲೂ ಆಸನ, ಮಧ್ಯೆ ಮರಳು ಹರಡಿದ ಅರೀನ. ಅಲ್ಲಿ ನಡೆಯುತ್ತಿದ್ದುದು ಗ್ಲಾಡಿಯೇಟರುಗಳ ಕಾದಾಟ, ಮೃಗಗಳ ಬೇಟೆ.

ಕ್ರಿ.ಶ. 80ರಲ್ಲಿ ಟೈಟಸ್ ಉದ್ಘಾಟಿಸಿದ ಕೊಲೊಸಿಯಂ ಸುಮಾರು 189 ಮೀಟರ್ ಉದ್ದ, 156 ಮೀಟರ್ ಅಗಲ. ಕೆಳ ಅಂತಸ್ತಿನಲ್ಲಿ 80 ಕಮಾನುಗಳು, ಜನರನ್ನು ಒಳಕ್ಕೂ ಹೊರಕ್ಕೂ ಬೇಗ ಸಾಗಿಸುವ ವೊಮಿಟೋರಿಯಂ ಎಂಬ ಹಾದಿಗಳು, ನೆರಳಿಗೆ ವೆಲೇರಿಯಂ ಎಂಬ ಬಟ್ಟೆಯ ಚಪ್ಪರ. ಹೊರಮುಖದಲ್ಲಿ ಕೆಳಗಿನಿಂದ ಟಸ್ಕನ್, ಅಯೋನಿಕ್, ಕೊರಿಂಥಿಯನ್ ಅರ್ಧಗಂಬಗಳು, ಎಲ್ಲಕ್ಕಿಂತ ಮೇಲೆ ಪಿಲಾಸ್ಟರ್ ಎಂಬ ಚಪ್ಪಟೆ ಕಂಬಗಳು ಇವೆ. ಕಟ್ಟಡದ ಭಾರ ಹೊರುವುದು ಅವುಗಳ ಹಿಂದಿನ ಕಮಾನುಗಳು ಮತ್ತು ಕಟ್ಟೆಗಂಬಗಳು. ಗ್ರೀಕರಿಗೆ ಆಧಾರವಾಗಿದ್ದ ಕಂಬ ಇಲ್ಲಿ ಮುಖಕ್ಕೆ ಅಳತೆ, ಲಯ ಕೊಡುವ ಅಲಂಕಾರವಾಗಿದೆ. ಇದನ್ನು ಅವನತಿ ಎನ್ನುವವರ ಮಾತನ್ನು ಒಪ್ಪಲಾಗದು. ಅಷ್ಟು ದೊಡ್ಡ ಬಾಗುಗೋಡೆಯನ್ನು ಕಣ್ಣು ಹಿಡಿಯುವಂತೆ ಮಾಡಿದ್ದು ಆ ಅರ್ಧಗಂಬಗಳೇ.

ಅಗೋರ, ಸ್ಟೋವಾ, ಫೋರಂ, ಬಸಿಲಿಕ?

ಅಗೋರ ಗ್ರೀಕ್ ಊರಿನ ಸಂತೆ ಮತ್ತು ಸಭೆಯ ಬಯಲು, ಸ್ಟೋವಾ ಅದರ ಅಂಚಿನ ಕಂಬಸಾಲಿನ ಉದ್ದನೆಯ ಪಡಸಾಲೆ. ಫೋರಂ ರೋಮನ್ ಊರಿನ ಅಂಥದೇ ಚೌಕ. ಅದರ ಪಕ್ಕದ ಬಸಿಲಿಕ ನ್ಯಾಯ ತೀರ್ಮಾನ, ವ್ಯಾಪಾರಗಳಿಗಿದ್ದ ಒಳಾಂಗಣ. ಕ್ರೈಸ್ತರು ಚರ್ಚಿಗೆ ಮಾದರಿಯಾಗಿ ಆರಿಸಿಕೊಂಡದ್ದು ದೇಗುಲವನ್ನಲ್ಲ, ಈ ಬಸಿಲಿಕವನ್ನು.

ಕೂರೋಸ್, ಕೋರೆ, ಕಾಂಟ್ರಪೋಸ್ಟೊ: ಇವುಗಳನ್ನು ಒಟ್ಟಿಗೆ ಏಕೆ ಹೇಳುತ್ತಾರೆ?

ಕೂರೋಸ್ ಎಂದರೆ ಆರ್ಕೇಯಿಕ್ ಕಾಲದ ನಗ್ನ ಯುವಕನ ಪ್ರತಿಮೆ, ಕೋರೆ ಎಂದರೆ ವಸ್ತ್ರ ಧರಿಸಿದ ಯುವತಿಯದು. ಕೂರೋಸ್‌ನ ಎಡಗಾಲು ಮುಂದಿರುತ್ತದೆ, ಕೈಗಳು ತೊಡೆಗೆ ಅಂಟಿರುತ್ತವೆ, ತುಟಿಯಲ್ಲಿ ಆರ್ಕೇಯಿಕ್ ನಗು ಎಂದು ಹೆಸರಾದ ಮಂದಹಾಸ ಇರುತ್ತದೆ. ಈಜಿಪ್ಟಿನ ಪ್ರತಿಮೆಗಳ ನಿಲುವು ಇದಕ್ಕೆ ಮೂಲ. ಒಂದು ಕಾಲು ಮುಂದಿದ್ದರೂ ಸೊಂಟ ಅಲುಗಿಲ್ಲ ಎಂಬುದನ್ನು ನೋಡಬೇಕು. ತೂಕ ಎರಡೂ ಕಾಲಿನ ಮೇಲೆ ಸಮವಾಗಿದೆ.

ಸುಮಾರು ಕ್ರಿ.ಪೂ. 480ರ ಕ್ರಿಟಿಯೋಸ್ ಬಾಲಕ ಎಂಬ ಪ್ರತಿಮೆಯಲ್ಲಿ ಆ ತೂಕ ಎಡಗಾಲಿಗೆ ಸರಿಯುತ್ತದೆ. ಬಲಮೊಣಕಾಲು ಸಡಿಲವಾಗುತ್ತದೆ, ಸೊಂಟದ ಒಂದು ಬದಿ ಏರುತ್ತದೆ, ತಲೆ ತುಸು ತಿರುಗುತ್ತದೆ, ನಗು ಮಾಯವಾಗುತ್ತದೆ. ಹೀಗೆ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವ, ಅದರಿಂದ ಇಡೀ ಮೈಯಲ್ಲಿ ಬಿಗಿ ಮತ್ತು ಸಡಿಲಗಳು ಹಂಚಿಹೋಗುವ ಭಂಗಿಯೇ ಕಾಂಟ್ರಪೋಸ್ಟೊ; ಹೆಸರು ಇಟಾಲಿಯನ್, ಬಹಳ ಮುಂದೆ ಬಂದದ್ದು. ಶಿಲ್ಪಿ ಪೊಲಿಕ್ಲೈಟೊಸ್ ತನ್ನ ಡೊರಿಫೊರೊಸ್ ಎಂಬ ಭರ್ಜಿಧಾರಿಯಲ್ಲಿ ಇದನ್ನು ಶಾಸ್ತ್ರವಾಗಿಸಿದ: ಭಾರ ಹೊತ್ತ ಬಲಗಾಲಿಗೆ ಭರ್ಜಿ ಹಿಡಿದ ಎಡಗೈ, ಸಡಿಲವಾದ ಎಡಗಾಲಿಗೆ ಇಳಿಬಿಟ್ಟ ಬಲಗೈ. ಅಳತೆಗಳ ಬಗ್ಗೆ ಅವನು ಬರೆದ ಕ್ಯಾನನ್ ಎಂಬ ಗ್ರಂಥ ನಮಗೆ ಉಳಿದಿಲ್ಲ.

ಅಮೃತಶಿಲೆಯ ಪ್ರತಿಮೆಗಳ ಕಾಲಿಗೆ ಮರದ ಬೊಡ್ಡೆ ಅಂಟಿಕೊಂಡಿರುವುದೇಕೆ?

ಮೂಲ ಪ್ರತಿಮೆ ಕಂಚಿನದಾಗಿರಬಹುದು ಎಂಬುದಕ್ಕೆ ಅದು ಒಂದು ಸುಳಿವು. ಗ್ರೀಕರ ಹೆಸರಾಂತ ಪ್ರತಿಮೆಗಳಲ್ಲಿ ಹಲವು ಮೇಣದಚ್ಚಿನ ಎರಕದಲ್ಲಿ ಮಾಡಿದ ಪೊಳ್ಳು ಕಂಚಿನವು. ಅವು ಸಣ್ಣ ಪಾದಗಳ ಮೇಲೆ ನಿಲ್ಲಬಲ್ಲವು. ಅದನ್ನೇ ರೋಮನ್ ಕಾಲದಲ್ಲಿ ಅಮೃತಶಿಲೆಯಲ್ಲಿ ಕಡೆದಾಗ ಕಣಕಾಲು ತೂಕ ತಾಳುವುದಿಲ್ಲ, ಹಾಗಾಗಿ ಬೊಡ್ಡೆ, ಕೈಗೆ ಆಸರೆಯಾಗಿ ಕಲ್ಲಿನ ತುಂಡು. ಪ್ರೀಮ ಪೋರ್ಟದಲ್ಲಿ 1863ರಲ್ಲಿ ಸಿಕ್ಕ ಆಗಸ್ಟಸ್ ಪ್ರತಿಮೆಯ ಕಾಲ ಬಳಿಯ ಡಾಲ್ಫಿನ್ ಮತ್ತು ಕ್ಯುಪಿಡ್, ವೀನಸ್ ದೇವಿಯಿಂದ ಇಳಿದ ವಂಶವನ್ನು ಸಾರುತ್ತಲೇ ಈ ಆಸರೆಯ ಕೆಲಸವನ್ನೂ ಮಾಡುತ್ತವೆ. ಕಂಚಿನ ಮೂಲಗಳು ಬಹುತೇಕ ಕರಗಿಹೋದವು. ಉಳಿದವುಗಳಲ್ಲಿ ಕೆಲವು ಸಮುದ್ರದಿಂದ ಬಂದವು. ಇಟಲಿಯ ರಿಯಾಚೆ ಬಳಿ 1972ರಲ್ಲಿ ಸಿಕ್ಕ ಇಬ್ಬರು ಯೋಧರಿಗೆ ತುಟಿ ತಾಮ್ರದ್ದು, ಒಬ್ಬನ ಹಲ್ಲು ಬೆಳ್ಳಿಯದು.

ಪ್ರತಿಮೆಗಳು ಬಿಳಿಯಾಗಿಯೇ ಇದ್ದವೇ?

ಇಲ್ಲ. ಕೂದಲು, ಕಣ್ಣು, ತುಟಿ, ಸೆರಗಿನ ಅಂಚುಗಳಿಗೆ ಬಣ್ಣವಿತ್ತು. ದೇಗುಲದ ಟ್ರೈಗ್ಲಿಫ್‌ಗಳಿಗೆ ಸಾಮಾನ್ಯವಾಗಿ ನೀಲಿ ಬಳಿಯುತ್ತಿದ್ದರು. ಇದಕ್ಕೆ ಪಾಲಿಕ್ರೊಮಿ ಎನ್ನುತ್ತಾರೆ. ಅಕ್ರೊಪೊಲಿಸ್‌ನ ಕೋರೆಗಳ ಮೇಲೆ ಬಣ್ಣದ ಕುರುಹು ಇಂದಿಗೂ ಕಾಣುತ್ತದೆ. ಪಾರ್ಥೆನಾನ್ ಒಳಗೆ ಫಿಡಿಯಾಸ್ ನಿಲ್ಲಿಸಿದ್ದ ಅಥೀನಳ ಬೃಹತ್ ಮೂರ್ತಿಯಂತೂ ಚಿನ್ನ ಮತ್ತು ದಂತದ್ದು; ಅಂಥ ಕೆಲಸಕ್ಕೆ ಕ್ರೈಸೆಲಿಫ್ಯಾಂಟೈನ್ ಎಂದು ಹೆಸರು.

ಮಡಕೆಗಳ ಮೇಲಿನ ಕಪ್ಪುಚಿತ್ರ ಶೈಲಿ, ಕೆಂಪುಚಿತ್ರ ಶೈಲಿ ಎಂದರೇನು?

ಕಪ್ಪುಚಿತ್ರದಲ್ಲಿ ಆಕೃತಿಗಳು ಕಪ್ಪು, ಹಿನ್ನೆಲೆ ಮಣ್ಣಿನ ಕೆಂಪು. ಒಳವಿವರಗಳನ್ನು ಚೂಪಾದ ಮೊನೆಯಿಂದ ಗೀರುತ್ತಿದ್ದರು. ಸುಮಾರು ಕ್ರಿ.ಪೂ. 530ರ ಹೊತ್ತಿಗೆ ಅಥೆನ್ಸಿನಲ್ಲಿ ಇದು ತಿರುವುಮುರುವಾಯಿತು: ಹಿನ್ನೆಲೆಗೆ ಕಪ್ಪು, ಆಕೃತಿಗೆ ಮಣ್ಣಿನ ಬಣ್ಣ, ವಿವರಗಳಿಗೆ ಕುಂಚ. ಗೀರುವುದಕ್ಕಿಂತ ಕುಂಚದಲ್ಲಿ ಎಳೆಯುವುದು ಸಲೀಸಾದ್ದರಿಂದ ಮೈಯ ತಿರುವು, ಬಟ್ಟೆಯ ನಿರಿಗೆ ಹೊಸ ಬಗೆಯಲ್ಲಿ ಬಂದವು.

ಕಪ್ಪು ಎಂಬುದು ಬಣ್ಣವೇ ಅಲ್ಲ. ಅದೇ ಬಗೆಯ ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಸಿ ತೆಗೆದ ನುಣ್ಣನೆಯ ಕೆಸರು. ಆವಿಗೆಯಲ್ಲಿ ಮೊದಲು ಗಾಳಿ ಆಡಲು ಬಿಟ್ಟರೆ ಮಡಕೆಯೆಲ್ಲ ಕೆಂಪಾಗುತ್ತದೆ. ಆಮೇಲೆ ಗಾಳಿಕಿಂಡಿ ಮುಚ್ಚಿ ಹಸಿ ಸೌದೆ ಹಾಕಿದರೆ ಎಲ್ಲವೂ ಕಪ್ಪಾಗುತ್ತದೆ, ಕೆಸರು ಬಳಿದ ಭಾಗ ಗಾಜಿನಂತೆ ಬಿಗಿದುಕೊಳ್ಳುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟಾಗ ಬರಿಯ ಮಣ್ಣು ಕೆಂಪಿಗೆ ಮರಳುತ್ತದೆ. ಬಿಗಿದ ಭಾಗಕ್ಕೆ ಗಾಳಿ ಹೊಗದೆ ಅದು ಕಪ್ಪಾಗಿಯೇ ಉಳಿಯುತ್ತದೆ. ಒಂದೇ ಸಲದ ಸುಡುವಿಕೆಯಲ್ಲಿ ಮೂರು ಹಂತ, ಉಷ್ಣಮಾಪಕವಿಲ್ಲದೆ. ಎಕ್ಸೆಕಿಯಾಸ್‌ನಂಥವರು ತಮ್ಮ ಹೆಸರನ್ನು ಮಡಕೆಯ ಮೇಲೆ ಬರೆದುಕೊಂಡದ್ದು ನ್ಯಾಯವಾಗಿದೆ.

ಪಾತ್ರೆಗಳ ಹೆಸರನ್ನು ಬಳಕೆಯೊಂದಿಗೆ ನೆನಪಿಡಬಹುದು: ಎಣ್ಣೆ, ದ್ರಾಕ್ಷಾರಸ ತುಂಬುವ ಎರಡು ಹಿಡಿಯ ಆಂಫೊರ, ದ್ರಾಕ್ಷಾರಸಕ್ಕೆ ನೀರು ಬೆರೆಸುವ ಕ್ರೇಟರ್, ಕುಡಿಯುವ ಅಗಲ ಬಟ್ಟಲು ಕೈಲಿಕ್ಸ್, ನೀರಿಗೆ ಮೂರು ಹಿಡಿಯ ಹೈಡ್ರಿಯ, ಎಣ್ಣೆಗೆ ಮತ್ತು ಸಮಾಧಿಗೆ ಲೆಕಿಥೊಸ್.

ಫ್ರೆಸ್ಕೊ ಮತ್ತು ಮೊಸಾಯಿಕ್‌ಗಳ ಬಗ್ಗೆ ಏನು ತಿಳಿದಿರಬೇಕು?

ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಬಳಿದರೆ, ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಹಿಡಿದಿಡುತ್ತದೆ; ಇದು ಫ್ರೆಸ್ಕೊ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದು ಹೂತುಹೋದ ಪಾಂಪೆಯ ಗೋಡೆಗಳನ್ನು ಆಗಸ್ಟ್ ಮಾವ್ ಎಂಬ ವಿದ್ವಾಂಸ 1882ರಲ್ಲಿ ನಾಲ್ಕು ಶೈಲಿಗಳಾಗಿ ವಿಂಗಡಿಸಿದ. ಮೊದಲನೆಯದರಲ್ಲಿ ಗಾರೆಯೇ ಬಣ್ಣಬಣ್ಣದ ಅಮೃತಶಿಲೆಯ ಹಲಗೆಯಂತೆ ನಟಿಸುತ್ತದೆ. ಎರಡನೆಯದರಲ್ಲಿ ಗೋಡೆಯಾಚೆ ಕಂಬಸಾಲು, ತೋಟ ಇದ್ದಂತೆ ಕಾಣುತ್ತದೆ. ಮೊಸಾಯಿಕ್‌ನ ಚಿಕ್ಕ ಚೌಕಗಳಿಗೆ ಟೆಸೆರ ಎನ್ನುತ್ತಾರೆ. ಅವು ತೀರ ಸಣ್ಣದಾಗಿ, ಆಕೃತಿಯ ಗೆರೆಯನ್ನೇ ಅನುಸರಿಸಿ ಬಾಗಿದ್ದರೆ ಅದು ಓಪುಸ್ ವೆರ್ಮಿಕುಲಾಟುಂ. ಪಾಂಪೆಯಲ್ಲಿ 1831ರಲ್ಲಿ ಸಿಕ್ಕ, ಈಗ ನೇಪಲ್ಸ್‌ನಲ್ಲಿರುವ ಅಲೆಗ್ಸಾಂಡರ್ ಮೊಸಾಯಿಕ್ ಇದಕ್ಕೆ ಉದಾಹರಣೆ.

ಈ ಕಲೆಗೂ ಭಾರತಕ್ಕೂ, ಕರ್ನಾಟಕಕ್ಕೂ ನಿಜವಾದ ನಂಟು ಇದೆಯೇ?

ಇದೆ. ಗಾಂಧಾರದ ಬೌದ್ಧ ಕಟ್ಟಡಗಳಲ್ಲಿ ಅಕ್ಯಾಂಥಸ್ ಎಲೆಗಳ ನಡುವೆ ಬುದ್ಧ ಕುಳಿತಿರುವ ಬೋದಿಗೆಗಳಿವೆ. ತಕ್ಷಶಿಲೆಯ ಬಳಿಯ ಜಂಡಿಯಾಲ್ ದೇಗುಲದಲ್ಲಿ ಅಯೋನಿಕ್ ಕಂಬಗಳಿದ್ದವು. ಪುದುಚೇರಿ ಸಮೀಪದ ಅರಿಕಮೇಡುವಿನಲ್ಲಿ ರೋಮನ್ ಆಂಫೊರಗಳ ಚೂರುಗಳೂ ಇಟಲಿಯ ಕೆಂಪು ಹೊಳಪಿನ ಮಣ್ಣಿನ ಪಾತ್ರೆಗಳೂ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಅಂಥ ನಾಣ್ಯಗಳ ನಿಧಿಯೇ ಸಿಕ್ಕಿತು. ಮೈಸೂರಿನ ಲಲಿತ ಮಹಲ್ ಅರಮನೆಯ ಜೋಡಿ ಅಯೋನಿಕ್ ಕಂಬಗಳು ಬೇರೆ ಕಥೆ. ಅವು 20ನೆಯ ಶತಮಾನದಲ್ಲಿ ಯುರೋಪಿನ ಮೂಲಕ ಬಂದವು, ಪ್ರಾಚೀನ ವ್ಯಾಪಾರದ ಜೊತೆ ಅವನ್ನು ಸೇರಿಸಬಾರದು.

ನಂಟು ಒಮ್ಮುಖದ್ದಾಗಿರಲಿಲ್ಲ. ಪಾಂಪೆಯ ಒಂದು ಮನೆಯಲ್ಲಿ 1938ರಲ್ಲಿ ಭಾರತದಲ್ಲಿ ಕೆತ್ತಿದ ದಂತದ ಸ್ತ್ರೀ ಪ್ರತಿಮೆಯೊಂದು ಸಿಕ್ಕಿತು. ಪಾಂಪೆಯ ಲಕ್ಷ್ಮಿ ಎಂದು ಅದು ಹೆಸರಾಗಿದ್ದರೂ ಯಕ್ಷಿಯೆಂದು ಗುರುತಿಸುವ ವಿದ್ವಾಂಸರೂ ಇದ್ದಾರೆ. ಅದು ಈಗ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಅಲೆಗ್ಸಾಂಡರ್ ಮೊಸಾಯಿಕ್ ನೋಡಲು ಅಲ್ಲಿಗೆ ಹೋಗುವ ಕನ್ನಡಿಗರು ಇದನ್ನೂ ಕೇಳಿ ನೋಡಿ ಬರಬೇಕು.